ಸದ್ದು ಬೇರೆ, ಪೆಟ್ಟು ಬೇರೆ

ಕಳೆದ ತಿಂಗಳು ಈ ಜಗಲಿಯಲ್ಲಿ ಕುಳಿತು ಮಕ್ಕಳ ಕೈಬರಹದ ಕುರಿತು ನಾಲ್ಕು ಮಾತುಗಳನ್ನಾಡಿದ್ದೆವು. ಈ ಸಲವೂ ಅದನ್ನೇ ಮುಂದುವರಿಸುವ ಯೋಚನೆಯಿತ್ತು. ಆದರೆ ನಡುವೆ ಒಂದು ಪ್ರಸಂಗ ನಡೆದು, ಬುದ್ಧಿ ಹೇಳಲೆಂದು ಹೋದ ನಾವೇ ಪಾಠ ಹೇಳಿಸಿಕೊಂಡು ಬರುವಂತಾಯಿತು. ಆ ಪಾಠವನ್ನು ಬಿಸಿಯಾರುವ ಮುನ್ನ ವಾಚಕ ಬಂಧುಗಳ ಮುಂದಿಡುವುದೇ ಲೇಸೆಂದು ತೋರಿತು. ಕೈಬರಹವು ಮುಂದಿನ ತಿಂಗಳಿಗಿರಲಿ.

ನಮ್ಮ ಶಾಲೆಯಿಂದ ಕೂಗಳತೆಯ ದೂರದಲ್ಲಿ ಒಬ್ಬ ಹಿರಿಯ ಚೆಂಡೆವಾದಕರ ಮನೆಯಿದೆ. ತೆಂಕುತಿಟ್ಟಿನ ಮೇಳಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ತಿರುಗಾಟ ಮಾಡಿದವರು. ಆಟಕ್ಕೆ ಮುನ್ನ ಅವರು ಕೇಳಿ ಬಡಿಯತೊಡಗಿದರೆ ಗದ್ದೆಯಾಚೆಯ ಗುಡ್ಡದ ಮನೆಗಳಲ್ಲಿ ಊಟ ಬೇಗನೆ ಮುಗಿಯುತ್ತಿತ್ತೆಂದು ಹಳಬರು ಈಗಲೂ ಹೇಳುವುದುಂಟು. ಈಗ ಆರು ವರ್ಷಗಳಿಂದ ಅವರ ಬಲಗೈ ನಡುಗುತ್ತದೆ. ಕೋಲು ಹಿಡಿತಕ್ಕೆ ನಿಲ್ಲುವುದಿಲ್ಲ. ಚೆಂಡೆಯು ಬಟ್ಟೆ ಸುತ್ತಿಸಿಕೊಂಡು ಅಟ್ಟ ಸೇರಿದೆ.

ಜನವರಿಯ ಒಂದು ಸಂಜೆ ಅವರು ಶಾಲೆಗೆ ಬಂದರು. "ಮಾಷ್ಟ್ರೇ, ನಮ್ಮ ಸಣ್ಣವನಿಗೆ ನೀವೊಂದು ಮಾತು ಹೇಳಬೇಕು. ಮಂಗಳೂರಿನಲ್ಲಿ ಡಿಗ್ರಿ ಮುಗಿಸಿ ಬಂದವನು ರಾತ್ರಿಯಿಡೀ ಕಂಪ್ಯೂಟರಿನೆದುರು ಕಿವಿ ಮುಚ್ಚಿಕೊಂಡು ಕೂತಿರುತ್ತಾನೆ. ಕೇಳಿದರೆ ಡ್ರಮ್ ಮಾಡುತ್ತಿದ್ದೇನೆ ಅನ್ನುತ್ತಾನೆ. ಕೋಲಿಲ್ಲ, ಚರ್ಮವಿಲ್ಲ, ಕೈ ಆಡುವುದೂ ಇಲ್ಲ. ಅದೆಂಥ ಬಾರಿಸುವುದು? ನಿಮ್ಮ ಶಿಷ್ಯನಲ್ಲವೇ, ನೀವು ಹೇಳಿದರೆ ಕೇಳಿಯಾನು" ಎಂದರು.

"ನಾಳೆಯೇ ಬರುತ್ತೇವೆ, ಅಣ್ಣಾ" ಎಂದು ಮಾತು ಕೊಟ್ಟೆವು. ಆದರೆ ಒಳಗೊಳಗೆ ನಮಗೊಂದು ಇಕ್ಕಟ್ಟಿತ್ತು. ಅದೇ ಹುಡುಗನಿಗೆ ನಾವು ಹದಿನೈದು ದಿನಗಳ ಹಿಂದೆ ಒಂದು ಕೆಲಸ ಒಪ್ಪಿಸಿದ್ದೆವು. ಫೆಬ್ರವರಿಯ ವಾರ್ಷಿಕೋತ್ಸವಕ್ಕೆ ಮಕ್ಕಳು ಹಾಡುವ ಶಾಲಾಗೀತೆಗೆ ಹಿನ್ನೆಲೆಯ ವಾದ್ಯಗಳನ್ನು ಹೊಂದಿಸಿ ಕೊಡಬೇಕೆಂಬುದೇ ಆ ಕೆಲಸ. ನಮ್ಮ ಶಾಲೆಯ ಬ್ಯಾಂಡಿನ ಡ್ರಮ್ಮುಗಳ ಚರ್ಮ ಹರಿದು ಎಷ್ಟೋ ವರ್ಷಗಳಾದುವು, ಕಲಿಸುವವರೂ ಇಲ್ಲ. ಈ ವರ್ಷ ಒಂದನೆಯ ತರಗತಿಯ ಕನ್ನಡ ವಿಭಾಗಕ್ಕೆ ಸೇರಿದ ಮಕ್ಕಳು ಹನ್ನೊಂದು. ಮುಂದಿನ ಜೂನ್ ತಿಂಗಳಲ್ಲಿ ಮಕ್ಕಳನ್ನು ಎಲ್ಲಿಗೆ ಕಳುಹಿಸುವುದೆಂದು ಇನ್ನೂ ನಿಶ್ಚಯಿಸದ ತಾಯಂದಿರು ವಾರ್ಷಿಕೋತ್ಸವಕ್ಕೆ ಬಂದು ಕೂರುತ್ತಾರೆ. ಅವರ ಕಿವಿಗೆ ನಮ್ಮ ಮಕ್ಕಳ ಕನ್ನಡ ಹಾಡು ನಾಲ್ಕು ಜನ ತಿರುಗಿ ನೋಡುವಂತೆ ಬೀಳಬೇಕೆಂಬ ಆಸೆ ನಮ್ಮದು. ಗಡಿನಾಡಿನಲ್ಲಿ ಕನ್ನಡ ಶಾಲೆ ನಡೆಸುವವರಿಗೆ ಈ ಆಸೆಯ ಭಾರವೆಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮರುದಿನ ಹೋದೆವು. ಹುಡುಗನು ಎದ್ದು ನಿಂತು ಕುರ್ಚಿ ಕೊಟ್ಟನು. ತಾನು ಮಾಡಿದ್ದನ್ನು ಕೇಳಿಸಿದನು. ಮಕ್ಕಳ ಕಂಠ ಸೊಗಸಾಗಿತ್ತು, ಹಾರ್ಮೋನಿಯಂ ಸರಿಯಿತ್ತು. ಆದರೆ ಡ್ರಮ್ಮಿನ ಸದ್ದು ಮಾತ್ರ ಒದ್ದೆ ಗೋಣಿಗೆ ಬಡಿದಂತೆ ಕೇಳಿಸಿತು. "ಸ್ವಲ್ಪ ಜೋರು ಮಾಡು" ಎಂದೆವು. ಜೋರು ಮಾಡಿದನು. ಮಕ್ಕಳ ದನಿ ಮುಳುಗಿತು; ಗೋಣಿ ಗೋಣಿಯಾಗಿಯೇ ಉಳಿಯಿತು. "ನಾನೂ ಮೂರು ವಾರಗಳಿಂದ ಇದನ್ನೇ ಮಾಡುತ್ತಿದ್ದೇನೆ, ಸರ್. ಸದ್ದು ಏರುತ್ತದೆ, ಪೆಟ್ಟು ಬರುವುದಿಲ್ಲ" ಎಂದು ತಲೆ ತಗ್ಗಿಸಿದನು.

ಬುದ್ಧಿ ಹೇಳಲು ಬಂದ ನಮಗೆ ಆ ಮುಖ ನೋಡಿ ಬಾಯಿ ಬರಲಿಲ್ಲ. "ಮೊದಲು ಇದು ಏನೆಂದು ನಮಗೆ ತಿಳಿಸು, ಆಮೇಲೆ ನೋಡೋಣ" ಎಂದು ಕುಳಿತೆವು. ಆ ಕೂರುವಿಕೆ ಹತ್ತು ಸಂಜೆಗಳಿಗೆ ಹಬ್ಬಿತು. ಅಧ್ಯಾಪಕ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ ಸೂತ್ರ 'ತಿಳಿದುದರಿಂದ ತಿಳಿಯದುದಕ್ಕೆ ನಡೆ' ಎಂಬುದು. ಆ ದಾರಿಯಿಂದಲೇ ನಾವು ಕಲಿತುದನ್ನು ಇಲ್ಲಿ ಹೇಳುತ್ತೇವೆ. ಮನೆಯಲ್ಲಿ ಇಂಥದೇ ಹುಚ್ಚು ಹಿಡಿದ ಮಗನೋ ಮಗಳೋ ಇರುವ ತಂದೆತಾಯಿಗಳಿಗೂ, ಆ ಮಕ್ಕಳಿಗೂ ಇದರಿಂದ ಉಪಯೋಗವಾದೀತು.

ಕಂಪ್ಯೂಟರಿನ ಡ್ರಮ್ ಎಂದರೆ ಯಂತ್ರವು ತಾನಾಗಿ ಹುಟ್ಟಿಸಿದ ಸದ್ದೆಂದು ನಾವು ತಿಳಿದಿದ್ದೆವು. ಹಿಂದೆ ಹಾಗೆಯೇ ಇತ್ತು. ವಿದ್ಯುನ್ಮಂಡಲಗಳಿಂದ ಡ್ರಮ್ಮಿನಂಥ ಸದ್ದನ್ನು ಹೊರಡಿಸುವ ಪೆಟ್ಟಿಗೆಗಳಿದ್ದುವು. 1980ರಲ್ಲಿ ಅಮೆರಿಕದ ರೋಜರ್ ಲಿನ್ ಎಂಬವರು ಎಲ್‌ಎಂ-1 ಎಂಬ ಯಂತ್ರವನ್ನು ತಂದರು. ಅದರಲ್ಲಿ ನಿಜವಾದ ಡ್ರಮ್ಮಿನ ಪೆಟ್ಟನ್ನೇ ಧ್ವನಿಮುದ್ರಿಸಿ ಅಂಕೆಗಳ ರೂಪದಲ್ಲಿ ಕೂಡಿಟ್ಟಿದ್ದರು. ಅದೇ ವರ್ಷ ಜಪಾನಿನ ರೋಲ್ಯಾಂಡ್ ಸಂಸ್ಥೆಯು ಹೊರತಂದ ಟಿಆರ್-808 ಮಾತ್ರ ಹಳೆಯ ವಿದ್ಯುತ್ ರೀತಿಯದೇ. ಆದರೂ ಅದರ ಗುಡುಗಿನಂಥ ತಗ್ಗುಸದ್ದು ಇಂದಿನ ಹಾಡುಗಳಲ್ಲೂ ಕೇಳುತ್ತದೆ. ಬೇರೆ ಬೇರೆ ಸಂಸ್ಥೆಗಳ ವಾದ್ಯಯಂತ್ರಗಳು ಒಂದರ ಮಾತನ್ನು ಮತ್ತೊಂದು ಅರಿಯುವಂತೆ 1983ರಲ್ಲಿ ಮಿಡಿ ಎಂಬ ಸಾಮಾನ್ಯ ಲಿಪಿ ಬಂತು.

ಇಂದಿನ ಡ್ರಮ್ ತಂತ್ರಾಂಶಗಳು ಲಿನ್ನರ ದಾರಿಯಲ್ಲಿ ಬಹುದೂರ ನಡೆದಿವೆ. ಒಬ್ಬ ನುರಿತ ವಾದಕನನ್ನು ಕೂರಿಸಿ, ಕಾಲಿನಿಂದ ಮೆಟ್ಟಿ ಬಡಿಯುವ ಕಿಕ್, ಕೆಳಗೆ ತಂತಿಗಳನ್ನು ಕಟ್ಟಿದ ಸ್ನೇರ್, ಟಾಮ್, ಹೈಹ್ಯಾಟ್, ಸಿಂಬಲ್ ಇವುಗಳನ್ನು ಒಂದೊಂದಾಗಿ, ಮೆಲ್ಲಗಿನ ಸ್ಪರ್ಶದಿಂದ ಹಿಡಿದು ಬಲವಾದ ಹೊಡೆತದವರೆಗೆ, ಹತ್ತಾರು ಸಲ ಬಾರಿಸಿಸಿ, ಹತ್ತಿರವೂ ದೂರವೂ ಇಟ್ಟ ಹಲವು ಮೈಕುಗಳಿಂದ ಮುದ್ರಿಸಿಕೊಳ್ಳುತ್ತಾರೆ. ನಾವು ಒಂದು ಕೀಲಿಯನ್ನು ಒತ್ತಿದಾಗ, ಒತ್ತಿದ ವೇಗವನ್ನು ಯಂತ್ರವು 1ರಿಂದ 127ರವರೆಗಿನ ಒಂದು ಅಂಕೆಯಾಗಿ ಓದಿ, ಅದಕ್ಕೆ ತಕ್ಕ ಪೆಟ್ಟನ್ನು ಆ ಉಗ್ರಾಣದಿಂದ ತೆಗೆದು ಕೊಡುತ್ತದೆ. ಅಂದರೆ ಕೋಲೂ ಇದೆ, ಬಾರಿಸಿದ ಕೈಯೂ ಇದೆ. ಬಾರಿಸಿದ ಹೊತ್ತು ಬೇರೆ, ಕೇಳುವ ಹೊತ್ತು ಬೇರೆ ಅಷ್ಟೆ.

ಹುಡುಗನು ಬಳಸುತ್ತಿದ್ದುದು ಆರ್ಡರ್, ಡ್ರಮ್‌ಗಿಜ್ಮೊ, ಹೈಡ್ರೋಜನ್ ಎಂಬ ಸ್ವತಂತ್ರ ತಂತ್ರಾಂಶಗಳನ್ನು. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ವ್ಯವಸ್ಥೆಯೇ ಬಳಕೆಯಲ್ಲಿರುವುದರಿಂದ ಈ ಬಗೆಯ ಉಚಿತ ಸಲಕರಣೆಗಳ ಪರಿಚಯ ಅವನಿಗೆ ನಮ್ಮ ಶಾಲೆಯಲ್ಲಿಯೇ ಆಗಿತ್ತಂತೆ. ಹಣ ಪೋಲಾಗುತ್ತಿದೆಯೆಂಬ ತಂದೆಯವರ ಶಂಕೆ ಅಲ್ಲಿಗೆ ಪರಿಹಾರವಾಯಿತು.

ಇನ್ನು ಪೆಟ್ಟಿನ ವಿಚಾರ. ಡ್ರಮ್ಮಿನ ಒಂದು ಸದ್ದಿನಲ್ಲಿ ಎರಡು ಭಾಗಗಳುಂಟು. ಕೋಲು ತಾಗಿದ ಕ್ಷಣದಲ್ಲಿ ಏಳುವ ಚಟ್ಟೆಂಬ ಏಟು ಮೊದಲನೆಯದು. ಅದು ಕೆಲವೇ ಮಿಲಿಸೆಕೆಂಡುಗಳ ಬಾಳಿನದು. ಅದರ ಬೆನ್ನಿಗೆ ಚರ್ಮವೂ ಹೊಟ್ಟೆಯೊಳಗಿನ ಗಾಳಿಯೂ ಕಂಪಿಸಿ ಉಳಿಯುವ ನಾದ ಎರಡನೆಯದು. ಪೆಟ್ಟು ಎದೆಗೆ ತಾಗುವುದು ಈ ಎರಡರ ನಡುವಣ ಅಂತರದಿಂದ. ಏಟಿನ ತಲೆ ಎತ್ತರದಲ್ಲಿದ್ದು, ನಾದವು ತುಂಬಿದ್ದು, ಮುಂದಿನ ಏಟಿಗೆ ಮೊದಲು ಅದು ಇಳಿದು ಜಾಗ ಬಿಟ್ಟುಕೊಟ್ಟರೆ ಪೆಟ್ಟು. ಎಲ್ಲವನ್ನೂ ಒಂದೇ ಎತ್ತರಕ್ಕೆ ಏರಿಸಿದರೆ ಬರಿಯ ಸದ್ದು. ತರಗತಿಯಲ್ಲಿ ದಿನವಿಡೀ ಕಿರಿಚುವ ಅಧ್ಯಾಪಕನ ಯಾವ ಮಾತೂ ಮಕ್ಕಳಿಗೆ ನಾಟುವುದಿಲ್ಲವೆಂಬುದನ್ನು ನಾವು ಮೂವತ್ತು ವರ್ಷಗಳಲ್ಲಿ ಕಂಡುಕೊಂಡಿದ್ದೇವೆ. ಇಲ್ಲಿಯೂ ಅದೇ ನ್ಯಾಯ.

ಆದುದರಿಂದ ಮೊದಲನೆಯ ಸಂಜೆ ಮಾಡಿದ ಕೆಲಸ, ಏರಿಸುವುದನ್ನು ಬಿಟ್ಟು ಇಳಿಸಿದ್ದು. ಅಂಕೆಯ ಧ್ವನಿಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ ಎಂಬುದೇ ಮಾಡು. ಅದಕ್ಕೆ ತಲೆ ತಾಗಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಹೋಗುವುದು ಮೊದಲು ಏಟಿನ ತಲೆಯೇ. ಎಲ್ಲವನ್ನೂ ಇಳಿಸಿ, ಒಟ್ಟು ಸದ್ದಿನ ತುದಿ ಮಾಡಿಗಿಂತ ಸುಮಾರು 6 ಡೆಸಿಬೆಲ್ ಕೆಳಗಿರುವಂತೆ ನೋಡಿಕೊಂಡನು. ಆರು ಡೆಸಿಬೆಲ್ ಎಂದರೆ ಅಲೆಯ ಎತ್ತರವು ಅರ್ಧವಾದಂತೆ. ಅಷ್ಟು ಜಾಗ ಸಿಕ್ಕಿದೊಡನೆ ಗೋಣಿಯ ಒದ್ದೆ ತುಸು ಆರಿತು.

ಎರಡನೆಯ ಸಂಜೆ ನಿಜವಾದ ರೋಗ ಹೊರಬಿತ್ತು. ಕಿಕ್ ಸಾಲದೆಂದು ಹುಡುಗನು ಬೇರೊಂದು ಕಿಕ್ಕಿನ ಸದ್ದನ್ನು ಅದರ ಕೆಳಗೆ ಜೋಡಿಸಿದ್ದನು. ಎರಡು ಸೇರಿದರೆ ಬಲ ಹೆಚ್ಚಬೇಕಲ್ಲವೇ? ಆದರೆ ಒಂದು ಅಲೆ ಮೇಲೇಳುವಾಗ ಮತ್ತೊಂದು ಕೆಳಗಿಳಿಯುತ್ತಿತ್ತು. ಇಬ್ಬರು ಒಂದೇ ಬಾಗಿಲನ್ನು ಒಳಗಿನಿಂದಲೂ ಹೊರಗಿನಿಂದಲೂ ತಳ್ಳಿದರೆ ಬಾಗಿಲು ಅಲುಗದು. ತಗ್ಗುಸ್ವರವು ಹಾಗೆ ಪರಸ್ಪರ ನುಂಗಿಹೋಗಿತ್ತು. ಅಲೆಯನ್ನು ತಲೆಕೆಳಗು ಮಾಡುವ ಒಂದು ಗುಂಡಿಯುಂಟು. ಅದನ್ನೊತ್ತಿ, ಎರಡರ ಆರಂಭವನ್ನೂ ಕಣ್ಣಳತೆಯಲ್ಲಿ ಒಂದೇ ಗೆರೆಗೆ ತಂದಾಗ, ಕಿಕ್ಕಿಗೆ ಹೊಟ್ಟೆ ಬಂತು. ನಾವು ಕುಳಿತ ಬೆಂಚಿಗೂ ಅದು ತಾಗಿತು.

ಮೈಕುಗಳ ದೂರದಿಂದಲೂ ಇದೇ ತೊಂದರೆ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, ಒಂದು ಮೀಟರ್ ದೂರಕ್ಕೆ ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ತಡ. ಸ್ನೇರಿನ ಬಳಿಯ ಮೈಕಿನ ಸದ್ದಿಗೂ ಮೇಲೆ ತೂಗಿದ ಮೈಕಿನ ಸದ್ದಿಗೂ ಇಷ್ಟು ಅಂತರ ಬಿದ್ದು ಎರಡೂ ಬೆರೆತರೆ, 170 ಹರ್ಟ್ಸಿನ ಆಸುಪಾಸಿನ ಸ್ವರಗಳು ಒಂದನ್ನೊಂದು ಕಳೆಯುತ್ತವೆ. ಸ್ನೇರಿನ ಮೈಯಿರುವುದೇ ಆ ಆಸುಪಾಸಿನಲ್ಲಿ. ಆದುದರಿಂದ ಗುಂಡಿಯನ್ನು ಒಮ್ಮೆ ಒತ್ತಿಯೂ ಒಮ್ಮೆ ಬಿಟ್ಟೂ ಕೇಳಿ, ಯಾವುದರಲ್ಲಿ ಸದ್ದು ದಪ್ಪಗಿದೆಯೋ ಅದನ್ನು ಇಟ್ಟುಕೊಳ್ಳಬೇಕು. ಇದಕ್ಕೆ ಖರ್ಚಿಲ್ಲ, ಕಿವಿ ಸಾಕು.

ಮೂರನೆಯ ಸಂಜೆ ಸ್ವರಗಳ ಹಂಚಿಕೆ. ಒಂದೊಂದು ವಾದ್ಯಕ್ಕೂ ಒಂದೊಂದು ಮನೆಯಿದೆ. ಕಿಕ್ಕಿನ ಗುಂಡಿಗೆಯು ಸುಮಾರು 60ರಿಂದ 80 ಹರ್ಟ್ಸಿನಲ್ಲಿದ್ದರೆ, ಅದರ ಮೆಟ್ಟುಗೋಲಿನ ಟಕ್ಕೆಂಬ ಸದ್ದು 3000ದ ಆಸುಪಾಸಿನಲ್ಲಿದೆ. ನಡುವೆ 300ರಿಂದ 400ರವರೆಗೆ ರಟ್ಟಿನ ಪೆಟ್ಟಿಗೆಯನ್ನು ಬಡಿದಂಥ ಸದ್ದೊಂದು ಕೂಡಿಕೊಂಡಿರುತ್ತದೆ. ಹುಡುಗನು ಮೊದಲು 60ನ್ನೇ ಏರಿಸುತ್ತ ಹೋಗಿದ್ದನು. ಈಗ ಏರಿಸುವ ಬದಲು ಆ ರಟ್ಟನ್ನು ನಾಲ್ಕೈದು ಡೆಸಿಬೆಲ್ ತಗ್ಗಿಸಿದನು. ಉಳಿದೆರಡೂ ತಾವಾಗಿ ಎದ್ದು ನಿಂತುವು. ಹಾರ್ಮೋನಿಯಂ, ಮಕ್ಕಳ ದನಿ, ಸಿಂಬಲ್ ಇವುಗಳಿಗೆ ಬೇಡವಾದ 100 ಹರ್ಟ್ಸಿನ ಕೆಳಗಿನ ಗುಂಯ್‌ಗುಟ್ಟನ್ನು ಸೋಸಿ ತೆಗೆದನು. ಕಳೆ ಕಿತ್ತರೆ ಪೈರು ತಾನಾಗಿ ಕಾಣುವುದೆಂದು ಗದ್ದೆಯ ಮಕ್ಕಳಾದ ನಮಗೆ ಹೇಳಿಕೊಡಬೇಕೇ?

ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. ನಮ್ಮ ಮೃದಂಗ, ತಬಲಗಳ ನಡುವಿನ ಕಪ್ಪು ಲೇಪದಿಂದಾಗಿ ಅವುಗಳ ಉಪಸ್ವರಗಳು ಮೂಲಸ್ವರದೊಡನೆ ಶ್ರುತಿಗೂಡುತ್ತವೆಂದು ಸರ್ ಸಿ. ವಿ. ರಾಮನ್ನರು ಶಿವಕಾಳಿ ಕುಮಾರರೊಡಗೂಡಿ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಪಾಶ್ಚಾತ್ಯ ಡ್ರಮ್ಮಿಗೆ ಆ ಲೇಪವಿಲ್ಲ. ಅದರ ಉಪಸ್ವರಗಳು ಹಾಗೆ ಕೂಡುವುದಿಲ್ಲ. ಆದರೂ ಅದಕ್ಕೊಂದು ಮುಖ್ಯಸ್ವರವಿದ್ದೇ ಇದೆ. ತಂತ್ರಾಂಶದಲ್ಲಿ ಅದನ್ನು ಏರಿಳಿಸಿ ಹಾಡಿನ ಶ್ರುತಿಗೆ ಹೊಂದಿಸಿದರೆ ಡ್ರಮ್ಮು ಹಾಡಿನೊಳಗೆ ಕೂರುತ್ತದೆ. ಇಲ್ಲವಾದರೆ ಜಗಲಿಯಲ್ಲಿ ಕುಳಿತ ಅಪರಿಚಿತನಂತೆ ಬೇರೆಯೇ ಇರುತ್ತದೆ.

ನಾಲ್ಕನೆಯ ಸಂಜೆ ಕಂಪ್ರೆಸರ್ ಎಂಬುದರ ಪಾಠ. ನಿಗದಿಯಾದ ಎತ್ತರವನ್ನು ಮೀರಿದ ಸದ್ದನ್ನು ಅದುಮುವ ಸಾಧನವಿದು. ನಾಲ್ಕಕ್ಕೆ ಒಂದೆಂಬ ಪ್ರಮಾಣವಿಟ್ಟರೆ, ಗೆರೆಯನ್ನು 4 ಡೆಸಿಬೆಲ್ ಮೀರಿದ ಸದ್ದು 1 ಡೆಸಿಬೆಲ್ ಮಾತ್ರ ಮೀರುವಂತೆ ತಗ್ಗುತ್ತದೆ. ಅದುಮುವ ಯಂತ್ರದಿಂದ ಪೆಟ್ಟು ಹೇಗೆ ಬಂದೀತೆಂದು ಕೇಳಿದೆವು. ಉತ್ತರವಿರುವುದು ಕಾಲದಲ್ಲಿ. ಸದ್ದು ಬಂದೊಡನೆ, ಅಂದರೆ ಒಂದೇ ಮಿಲಿಸೆಕೆಂಡಿನಲ್ಲಿ ಅದುಮತೊಡಗಿದರೆ ಏಟಿನ ತಲೆಯೇ ಚಪ್ಪಟೆಯಾಗುತ್ತದೆ. ಹುಡುಗನು ಮೂರು ವಾರ ಮಾಡಿದ್ದು ಇದನ್ನೇ. ಇಪ್ಪತ್ತು ಮೂವತ್ತು ಮಿಲಿಸೆಕೆಂಡು ತಡೆದು ಅದುಮಿದರೆ, ಏಟು ಆಗಲೇ ದಾಟಿ ಹೋಗಿರುತ್ತದೆ. ತಗ್ಗುವುದು ಹಿಂದಿನ ನಾದ ಮಾತ್ರ. ಎರಡರ ನಡುವಣ ಅಂತರ ಹೆಚ್ಚಿ ಏಟು ಎದ್ದು ಕಾಣುತ್ತದೆ. ಮತ್ತೆ, ಅದುಮಿದ ಕೈಯನ್ನು ಮುಂದಿನ ಪೆಟ್ಟಿಗೆ ಮೊದಲು ತೆಗೆಯಬೇಕು. ನಮ್ಮ ಹಾಡಿನ ನಡೆ ನಿಮಿಷಕ್ಕೆ 90 ಮಾತ್ರೆಗಳದು. ಒಂದು ಮಾತ್ರೆಗೆ ಸುಮಾರು 667 ಮಿಲಿಸೆಕೆಂಡು, ಅದರ ಕಾಲುಭಾಗ 167. ಆದುದರಿಂದ 120ರಿಂದ 150 ಮಿಲಿಸೆಕೆಂಡಿನೊಳಗೆ ಬಿಡುವಂತೆ ಹೊಂದಿಸಿದನು.

ಇಷ್ಟಾದ ಮೇಲೆ ಅವನು ಡ್ರಮ್ಮುಗಳ ಇನ್ನೊಂದು ಪ್ರತಿಯನ್ನು ತೆಗೆದು, ಅದನ್ನು ಮಾತ್ರ ಬಲವಾಗಿ ಅದುಮಿ, ಮೂಲದ ಕೆಳಗೆ ಮೆಲ್ಲಗೆ ಬೆರೆಸಿದನು. ಮೂಲದ ಏಟು ಹಾಗೆಯೇ ಇದ್ದು, ಅದುಮಿದ ಪ್ರತಿಯಿಂದ ಮೈ ತುಂಬಿತು. ನ್ಯೂಯಾರ್ಕಿನ ಹೆಸರಿನಿಂದ ಕರೆಯುವ ಕ್ರಮವಂತೆ ಇದು.

ಐದನೆಯ ಸಂಜೆ ನಾವು ಕೇಳುತ್ತಿದ್ದಾಗ ಹಿರಿಯರು ಬಾಗಿಲಲ್ಲಿ ನಿಂತಿದ್ದುದು ನಮಗೆ ತಿಳಿಯಲಿಲ್ಲ. ಹಾಡು ಮುಗಿದ ಮೇಲೆ, "ಸದ್ದು ಈಗ ಪರವಾಗಿಲ್ಲ. ಆದರೆ ಇದರಲ್ಲಿ ಕೈ ಏಳುವುದೇ ಇಲ್ಲವಲ್ಲ" ಎಂದರು.

ಹುಡುಗನು ತಿರುಗಿ, "ಅಂದರೆ ಏನಪ್ಪಾ?" ಎಂದು ಕೇಳಿದನು. ಆ ವಿಷಯವಾಗಿ ತಂದೆಯೊಡನೆ ಅವನು ಪ್ರಶ್ನೆ ಕೇಳಿದ್ದು ಅದೇ ಮೊದಲೆಂದು ಆಮೇಲೆ ತಿಳಿಯಿತು.

"ಒಂದು ಪೆಟ್ಟು ಬೀಳಬೇಕಾದರೆ ಮೊದಲು ಕೈ ಏಳಬೇಕು. ನಿನ್ನದರಲ್ಲಿ ಎಲ್ಲ ಪೆಟ್ಟೂ ಒಂದೇ ಎತ್ತರದಿಂದ ಬೀಳುತ್ತದೆ. ಪ್ರತಿಸಲವೂ ಬಲವಾಗಿಯೇ ಬಿದ್ದರೆ ಬಲದ ಪೆಟ್ಟು ಯಾವುದು? ರಾತ್ರಿಯಿಡೀ ಚೆಂಡೆಯೇ ಬಡಿದರೆ ಆಟ ನಿಂತೀತೇ? ದುಃಖದ ಪದ ಮದ್ದಳೆಯಲ್ಲಿ ನಡೆಯುವಾಗ ನಾವು ಕೋಲು ಕೆಳಗಿಟ್ಟು ಸುಮ್ಮನಿರುತ್ತೇವೆ. ಹಾಗೆ ಸುಮ್ಮನಿದ್ದುದರಿಂದಲೇ ವೀರರ ಪ್ರವೇಶಕ್ಕೆ ಚೆಂಡೆ ಬಿದ್ದಾಗ ನಿದ್ದೆಗಣ್ಣಿನವರೂ ಎದ್ದು ಕೂರುವುದು."

ಹುಡುಗನು ಪರದೆಯ ಮೇಲೆ ಅಂಕೆಗಳನ್ನು ತೆರೆದು ತೋರಿಸಿದನು. ನಿಜ, ಪ್ರತಿಯೊಂದು ಪೆಟ್ಟಿನ ಎದುರೂ 127 ಎಂದೇ ಇತ್ತು. ಬಲ ಬೇಕೆಂದು ಎಲ್ಲವನ್ನೂ ತುದಿಗೇರಿಸಿದ್ದನು. ತಂತ್ರಾಂಶದ ಉಗ್ರಾಣದಲ್ಲಿ ಮೆಲುವಾದ, ನಡುಮಟ್ಟದ, ಬಲವಾದ ಪೆಟ್ಟುಗಳು ಸಾಲಾಗಿ ಕಾದಿದ್ದರೂ, ಅವನು ಕರೆಯುತ್ತಿದ್ದುದು ಕೊನೆಯ ಸಾಲಿನವರನ್ನು ಮಾತ್ರ. ಒಂದೇ ಪೆಟ್ಟು ಮತ್ತೆ ಮತ್ತೆ ಬರುವುದರಿಂದ ಕಿವಿಗೆ ಅದು ಹೊಲಿಗೆಯಂತ್ರದ ಸದ್ದಾಗುತ್ತದೆ.

ಮೇಜಿನ ಮೇಲೆ ರಬ್ಬರಿನ ಹದಿನಾರು ಚೌಕಗಳಿರುವ ಒಂದು ಸಣ್ಣ ಹಲಗೆಯಿತ್ತು. ಬೆರಳಿನಿಂದ ತಟ್ಟಿದರೆ ತಟ್ಟಿದ ಬಲವನ್ನು ಅದು ಅಂಕೆಯಾಗಿ ಬರೆದುಕೊಳ್ಳುತ್ತದೆ. "ಅಪ್ಪಾ, ಇದರ ಮೇಲೆ ಒಮ್ಮೆ ತಟ್ಟಿ" ಎಂದನು. ಅವರು ಕೈಯನ್ನು ಹಿಂದಕ್ಕೆಳೆದುಕೊಂಡರು. "ಈ ಕೈಯಿಂದಲೇ?" ಎಂದರು. ಕೋಲು ಹಿಡಿಯಲಾಗದ ಕೈಯನ್ನು ನಮ್ಮ ಮುಂದೆ ಚಾಚಲು ಅವರಿಗೆ ಮನಸ್ಸಿರಲಿಲ್ಲ. ನಾವು ನೀರು ಬೇಕೆಂಬ ನೆಪದಿಂದ ಎದ್ದು ಒಳಗೆ ಹೋದೆವು. ಬಾವಿಕಟ್ಟೆಯ ಬಳಿ ನಿಂತಿದ್ದಾಗ ಒಳಗಿನಿಂದ ತಟ್ಟುವ ಸದ್ದು ಕೇಳಿಸಿತು. ಮೊದಲು ಎಡಗೈಯ ಎರಡು ಬೆರಳು. ಅನಂತರ ಎರಡೂ ಕೈ.

ಮರಳಿ ಬಂದಾಗ ಪರದೆಯಲ್ಲಿ ಅಂಕೆಗಳ ಸಾಲು: 34, 52, 41, 118, 30, 60. ಮೆಲ್ಲಗಿನ ಮೂರು ಪೆಟ್ಟುಗಳ ಮೇಲೆ ಒಂದು ದೊಡ್ಡ ಪೆಟ್ಟು ಹೇಗೆ ಕುಳಿತುಕೊಂಡಿದೆಯೆಂಬುದು ಕಣ್ಣಿಗೇ ಕಾಣುತ್ತಿತ್ತು. ಕಾಲವೂ ಗೆರೆ ಎಳೆದಂತೆ ಇರಲಿಲ್ಲ. ದೊಡ್ಡ ಪೆಟ್ಟು ಒಂದೆರಡು ಕಡೆ ಕೂದಲೆಳೆಯಷ್ಟು ತಡೆದು ಬೀಳುತ್ತಿತ್ತು. ಬಲಗೈ ನಡುಗಿದುದರಿಂದ ಬಿದ್ದ ಬೇಡದ ಪೆಟ್ಟುಗಳನ್ನು ಹುಡುಗನು ಮಾತಿಲ್ಲದೆ ಒಂದೊಂದಾಗಿ ಅಳಿಸಿದನು. ಉಳಿದುದನ್ನು ಹಾಗೆಯೇ ಇಟ್ಟನು. ಆ ಅಂಕೆಗಳಿಂದ ಡ್ರಮ್ಮನ್ನು ನುಡಿಸಿದಾಗ, ಹಿಂದಿನ ನಾಲ್ಕು ಸಂಜೆಗಳ ದುಡಿಮೆಗೆ ಜೀವ ಬಂತು. ತಗ್ಗಿಸುವುದು, ಸೋಸುವುದು, ಅದುಮುವುದು ಎಲ್ಲವೂ ಬಾರಿಸಿದ ಪೆಟ್ಟನ್ನು ಕಾಪಾಡಲು ಸಮರ್ಥವೇ ಹೊರತು, ಬಾರಿಸದ ಪೆಟ್ಟನ್ನು ಹುಟ್ಟಿಸಲಾರವೆಂಬುದು ನಮಗೆ ಅಂದು ಮನದಟ್ಟಾಯಿತು.

ಉಳಿದ ಸಂಜೆಗಳ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಸಭಾಂಗಣದ ಅನುರಣನವನ್ನು ಕೂಡಿಸುವಾಗ ಕೈ ಬಿಗಿಯಿರಬೇಕು. ಉದ್ದದ ಅನುರಣನವು ಒಂದು ಪೆಟ್ಟಿನ ಬಾಲವನ್ನು ಮುಂದಿನ ಪೆಟ್ಟಿನ ತಲೆಗೆ ಕಟ್ಟುತ್ತದೆ. ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ತಂಡದವರು 1971ರಲ್ಲಿ ಪ್ರಕಟಿಸಿದ ಒಂದು ಹಾಡಿಗೆ ಜಾನ್ ಬಾನಮ್ಮರ ಡ್ರಮ್ಮನ್ನು ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮೆಟ್ಟಿಲಿನ ಹಜಾರದಲ್ಲಿಟ್ಟು, ಮೇಲಿನಿಂದ ಮೈಕುಗಳನ್ನು ತೂಗಿಸಿ ಮುದ್ರಿಸಿದರು. ಆ ಗಾಂಭೀರ್ಯವು ಇಂದಿಗೂ ಮಾದರಿ. 1981ರಲ್ಲಿ ಬಂದ ಫಿಲ್ ಕಾಲಿನ್ಸರ ಹಾಡೊಂದರಲ್ಲಿ, ದೊಡ್ಡ ಅನುರಣನವನ್ನು ಕೊಟ್ಟು ಮರುಕ್ಷಣವೇ ಕತ್ತರಿಸುವ ಉಪಾಯವನ್ನು ಧ್ವನಿತಜ್ಞ ಹ್ಯೂ ಪ್ಯಾಡ್ಗಮ್ಮರು ಬಳಸಿದ್ದಾರೆ. ಅಲ್ಲಿಯೂ ಪೆಟ್ಟಿಗೆ ಬಲ ಬಂದುದು ಅದರ ಹಿಂದೆಯೇ ಬೀಳುವ ಮೌನದಿಂದ.

ಇನ್ನೊಂದು ಎಚ್ಚರಿಕೆ. ಎರಡು ರೀತಿಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಜೋರಿನಲ್ಲಿ ಕೇಳಬೇಕು. ತುಸು ಜೋರಿನದು ಯಾವಾಗಲೂ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ 60 ಹರ್ಟ್ಸ್ ಕೇಳುವುದೇ ಇಲ್ಲವಾದುದರಿಂದ, ಅಲ್ಲಿಯೂ ಕಿಕ್ಕಿನ ಟಕ್ಕು ಕೇಳುತ್ತದೆಯೇ ಎಂದು ಪರೀಕ್ಷಿಸಬೇಕು. ಆದಷ್ಟು ಮೆಲುದನಿಯಲ್ಲಿ ಕೇಳಿ ಕೆಲಸ ಮಾಡಬೇಕು. ಮೆಲ್ಲಗೆ ಕೇಳುವಾಗಲೂ ಪೆಟ್ಟು ಪೆಟ್ಟಾಗಿಯೇ ಇದ್ದರೆ ಅದು ಗಟ್ಟಿ. ಹೆಡ್‌ಫೋನಿನಲ್ಲಿ ಗಂಟೆಗಟ್ಟಲೆ ಜೋರಾಗಿ ಕೇಳಿದರೆ ಕಿವಿಯ ಸೂಕ್ಷ್ಮ ಜೀವಕೋಶಗಳು ಸಾಯುತ್ತವೆ, ಅವು ಮತ್ತೆ ಹುಟ್ಟುವುದಿಲ್ಲವೆಂಬುದನ್ನು ತಂದೆತಾಯಿಗಳು ಮಕ್ಕಳಿಗೆ ಹೇಳಲೇಬೇಕು. ಹೇಳಬೇಕಾದ ಬುದ್ಧಿವಾದವೆಂದರೆ ಇದೊಂದೇ. ನಾವೂ ಕೊನೆಗೆ ಹುಡುಗನಿಗೆ ಹೇಳಿದ್ದು ಇದನ್ನೇ.

ವಾರ್ಷಿಕೋತ್ಸವದ ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತೆಂದರೆ ಸುಳ್ಳಾದೀತು. ಬಾಡಿಗೆಗೆ ತಂದ ಧ್ವನಿವರ್ಧಕದವನು ತನ್ನ ರೂಢಿಯಂತೆ ತಗ್ಗುಸ್ವರವನ್ನು ತುದಿಗೇರಿಸಿ ಇಟ್ಟಿದ್ದನು. ಮೊದಲ ಚರಣವು ಬರಿಯ ಗುಡುಗಾಯಿತು. ಹುಡುಗನು ಓಡಿಹೋಗಿ ಕೈಮುಗಿದು ಇಳಿಸಿಸಿದನು. ಎರಡನೆಯ ಚರಣದಿಂದ ಹಾಡು ಹಾಡಾಯಿತು. ಮುಂದಿನ ಸಾಲಿನಲ್ಲಿದ್ದ ಪುಟ್ಟ ಮಗುವೊಂದು ತಾಯಿಯ ತೊಡೆಯಿಂದಿಳಿದು ಕುಣಿಯತೊಡಗಿತು. ಆ ತಾಯಿ ಜೂನ್ ತಿಂಗಳಲ್ಲಿ ಮಗುವನ್ನು ಯಾವ ಶಾಲೆಗೆ ಕರೆತರುವರೋ ನಾವರಿಯೆವು. ಒಂದು ಹಾಡಿನಿಂದ ಒಂದು ವಿಭಾಗ ಉಳಿದೀತೆಂಬ ಭ್ರಮೆ ನಮಗಿಲ್ಲ. ಆದರೆ ಆ ಸಂಜೆ ನಮ್ಮ ಮಕ್ಕಳು ತಮ್ಮ ಭಾಷೆಯಲ್ಲಿ ಅಳುಕದೆ ಹಾಡಿದರೆಂಬುದನ್ನು ಕಂಡೆವು.

ಹಿರಿಯರು ಹಿಂದಿನ ಬೆಂಚಿನಲ್ಲಿದ್ದರು. "ಹೇಗಾಯಿತು, ಅಣ್ಣಾ?" ಎಂದು ಕೇಳಿದೆವು. "ಮೂರನೆಯ ಪೆಟ್ಟು ಇನ್ನೂ ಸ್ವಲ್ಪ ಮೆತ್ತಗಾಗಬೇಕಿತ್ತು. ಮನೆಗೆ ಹೋಗಿ ಸರಿಮಾಡಿಸುತ್ತೇನೆ" ಎಂದರು. ಅಟ್ಟದ ಚೆಂಡೆಯನ್ನು ಕೆಳಗಿಳಿಸಿ, ಮೇಳದ ಗೆಳೆಯರೊಬ್ಬರಿಂದ ಬಾರಿಸಿಸಿ, ಮೆಲ್ಲಗಿನಿಂದ ಬಲದವರೆಗಿನ ಒಂದೊಂದು ಪೆಟ್ಟನ್ನೂ ಮುದ್ರಿಸಿಡುವ ಕೆಲಸವನ್ನು ತಂದೆಮಕ್ಕಳು ಈಗ ಕೈಗೊಂಡಿದ್ದಾರೆ.

ಇನ್ನು ನಮ್ಮ ಲೆಕ್ಕವೊಂದು ಬಾಕಿಯಿದೆ. ಈ ಹುಡುಗನು ಆರನೆಯ ತರಗತಿಯಲ್ಲಿದ್ದಾಗ ಪಾಠದ ನಡುವೆ ಡೆಸ್ಕನ್ನು ಬೆರಳಿನಿಂದ ಬಾರಿಸುತ್ತಿದ್ದನು. ನಾವು ಅವನನ್ನು ಒಂದಲ್ಲ, ಹಲವು ಸಲ ಹೊರಗೆ ನಿಲ್ಲಿಸಿದ್ದೆವು. ಅವನು ಈ ಹತ್ತು ಸಂಜೆಗಳಲ್ಲಿ ಆ ಮಾತನ್ನೆತ್ತಲಿಲ್ಲ. ನಮಗೆ ಮಾತ್ರ ಅದು ಪ್ರತಿ ಸಂಜೆಯೂ ನೆನಪಾಯಿತು. ಮೊನ್ನೆ ಐದನೆಯ ತರಗತಿಯಲ್ಲಿ ಭಿನ್ನರಾಶಿಯ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಟಕಟಕ ಸದ್ದು ಬಂತು. ನಾವು ಬಳಪವನ್ನು ಕೆಳಗಿಟ್ಟೆವು. ಮಗು ಬೆದರಿ ಕೈ ಅಡಗಿಸಿಕೊಂಡಿತು. "ಈಗ ಲೆಕ್ಕ ಮಾಡು. ಗಂಟೆ ಬಾರಿಸಿದ ಮೇಲೆ ಜಗಲಿಗೆ ಬಾ, ಅದನ್ನು ಪೂರ್ತಿ ಬಾರಿಸಿ ತೋರಿಸು" ಎಂದೆವು. ಮಗು ಬಂತು, ಬಾರಿಸಿತು. ಎಲ್ಲ ಪೆಟ್ಟುಗಳೂ ಒಂದೇ ಎತ್ತರದಿಂದ ಬೀಳುತ್ತಿದ್ದುವು. ಚೆಂಡೆಯ ಮನೆಗೆ ಶನಿವಾರ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದ್ದೇವೆ.